ಭೂಮಿಯ ಅಭಿವೃದ್ಧಿಯೂ ದುಡಿದವನ ಹಕ್ಕೂ

ಕಪಿಲಾ ನದಿಯು ನಂಜನಗೂಡಿನ ಸೀಮೆಯನ್ನು ತಣಿಸಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು. ಇಲ್ಲಿಯ ಗದ್ದೆಬಯಲುಗಳನ್ನು ಕಂಡವರು ಇದೆಲ್ಲವೂ ನದಿಯ ಅನುಗ್ರಹವೆಂದು ಭಾವಿಸುವುದು ಸಹಜವೇ. ಆದರೆ ನದಿಯು ತಾನಾಗಿಯೇ ಗದ್ದೆಗೆ ಹರಿಯಲಿಲ್ಲ. ಹುಲ್ಲಹಳ್ಳಿಯ ಬಳಿ ಕಪಿಲೆಗೂ ತಲಕಾಡಿನ ಬಳಿ ಕಾವೇರಿಗೂ ಅಣೆಗಳನ್ನು ಕಟ್ಟಿ, ನಾಲೆಗಳನ್ನು ತೋಡಿ, ಹೂಳೆತ್ತಿ ಕಾಪಾಡಿದವರ ದುಡಿಮೆಯಿಂದಲೇ ಖುಷ್ಕಿಯು ತರಿಯಾಯಿತು. ತಲಕಾಡಿನ ಅಣೆಯು ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರನ್ನು ಇಂದಿಗೂ ಧರಿಸಿರುವುದು. ಮಣ್ಣು ಹೊತ್ತವರ ಹೆಸರುಗಳು ಉಳಿಯಲಿಲ್ಲ. ಹಾಗಾದರೆ ಭೂಮಿಯನ್ನು ಉತ್ತಮಪಡಿಸಿದವನಿಗೆ ಅದರ ಫಲದಲ್ಲಿ ಭಾಗವೆಷ್ಟು? ಈ ಪ್ರಶ್ನೆಯೇ ಈ ನಾಡಿನ ಭೂಚರಿತ್ರೆಯ ತಿರುಳು.

ಪೂರ್ವಿಕರು ಇದಕ್ಕೆ ಕಟ್ಟುಕೊಡಗೆಯೆಂಬ ಉತ್ತರವನ್ನು ಕಂಡುಕೊಂಡಿದ್ದರು. ಕೆರೆಯನ್ನು ಕಟ್ಟಿದವನಿಗೂ ಒಡೆದ ಕೆರೆಯನ್ನು ಜೀರ್ಣೋದ್ಧಾರಗೊಳಿಸಿದವನಿಗೂ ಅದರ ಕೆಳಗಣ ಗದ್ದೆಯಲ್ಲಿ ಒಂದು ಪಾಲನ್ನು ಕಂದಾಯವಿಲ್ಲದೆಯೋ ಅಲ್ಪ ಕಂದಾಯಕ್ಕೋ ಬಿಡುತ್ತಿದ್ದರು. ಕೆರೆಯ ರಕ್ಷಣೆಯ ಹೊಣೆಯೂ ಅದರೊಡನೆ ಬರುತ್ತಿದ್ದಿತು. ಹಕ್ಕು ಮತ್ತು ಕರ್ತವ್ಯಗಳು ಹೀಗೆ ಒಂದೇ ಶಾಸನದಲ್ಲಿ ಹೆಣೆದುಕೊಂಡಿದ್ದುವು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಭೂಮಾಪನವು ಪ್ರಾರಂಭವಾಯಿತು. ರೈತನು ಸ್ವಂತ ವೆಚ್ಚದಿಂದ ಬಾವಿ ತೋಡಿ ಬಾಗಾಯ್ತು ಮಾಡಿದರೆ ಅದಕ್ಕಾಗಿ ಕಂದಾಯವನ್ನು ಏರಿಸಬಾರದೆಂಬುದು ಆ ಪದ್ಧತಿಯ ತತ್ತ್ವ. ಇದು ನ್ಯಾಯವೇ ಸರಿ. ಆದರೆ ಈ ರಕ್ಷೆಯು ಖಾತೆದಾರನಿಗೆ ಮಾತ್ರ ದೊರೆಯಿತು. ವಾರಕ್ಕೋ ಗುತ್ತಿಗೆಗೋ ಉಳುವ ಒಕ್ಕಲಿಗೆ ಏನಿದ್ದಿತು? ಅವನು ಹೊಲವನ್ನು ಹಸನುಗೊಳಿಸಿದಷ್ಟೂ ಗುತ್ತಿಗೆ ಏರುವ ಭಯ, ಬಿಡಿಸುವ ಭಯ. 1882ರ ಸ್ವತ್ತು ಹಸ್ತಾಂತರದ ಕಾನೂನು, ತಾನೇ ಒಡೆಯನೆಂದು ಪ್ರಾಮಾಣಿಕವಾಗಿ ನಂಬಿ ಭೂಮಿಯನ್ನು ಸುಧಾರಿಸಿದವನಿಗೆ ಪರಿಹಾರವನ್ನು ವಿಧಿಸಿತು. ತಾನು ಒಡೆಯನಲ್ಲವೆಂದು ಬಲ್ಲ ಒಕ್ಕಲು ಆ ವಿಧಿಯ ಹೊರಗೇ ಉಳಿದನು. ನೆಟ್ಟ ಕಂಬವನ್ನು ಕಿತ್ತು ಒಯ್ಯಬಹುದು. ಹದಗೊಳಿಸಿದ ಮಣ್ಣನ್ನು ಗಂಟುಕಟ್ಟಿ ಒಯ್ಯಲಾದೀತೆ?

ಈ ಕೊರತೆಯನ್ನು ತುಂಬಲು ಬಹುಕಾಲ ಹಿಡಿಯಿತು. 1954ರಲ್ಲಿ ವ್ಯಕ್ತಿಗಳ ಇನಾಮುಗಳನ್ನೂ 1955ರಲ್ಲಿ ದೇವಾಲಯ ಮಠಗಳ ಇನಾಮುಗಳನ್ನೂ ರದ್ದುಪಡಿಸುವ ಕಾನೂನುಗಳಾದುವು. 1961ರ ಭೂಸುಧಾರಣೆಯ ಕಾನೂನು ದೇವರಾಜ ಅರಸರ ಆಡಳಿತದಲ್ಲಿ ತಿದ್ದುಪಡಿಯಾಗಿ, 1974ನೆಯ ಮಾರ್ಚಿ 1ರಿಂದ ಗೇಣಿಭೂಮಿಗಳು ಸರ್ಕಾರಕ್ಕೆ ಸೇರಿ, ಭೂನ್ಯಾಯಮಂಡಲಿಗಳ ಮೂಲಕ ಉಳುವವನಿಗೆ ಅಧಿಭೋಗದ ಹಕ್ಕು ದೊರೆಯಿತು. ಮಠಗಳ ಭೂ ಆದಾಯವು ಕುಗ್ಗಿದುದು ನಿಜ. ಆದರೆ ಆ ಭೂಮಿಯನ್ನು ಹಸನುಗೊಳಿಸಿದವರು ಭಕ್ತರೇ ಅಲ್ಲವೆ? ಕಾಯಕವನ್ನು ಕೊಂಡಾಡುವ ಪೀಠಗಳು ಕಾಯಕದ ಫಲವು ಕಾಯಕಿಗೆ ಸಂದುದಕ್ಕೆ ಮರುಗುವುದು ಸಲ್ಲದು.

ಆದರೂ ಲೆಕ್ಕವು ಮುಗಿಯಲಿಲ್ಲ. ಗೇಣಿಯ ಹಕ್ಕೂ ಇಲ್ಲದೆ ಕೂಲಿಗೆ ದುಡಿದವರಿಗೆ, ಅವರಲ್ಲಿಯೂ ಊರ ಹೊರಗೆ ಇರಿಸಲ್ಪಟ್ಟವರಿಗೆ, ಆ ಕಾನೂನಿನಿಂದ ಬಹುಮಟ್ಟಿಗೆ ಹೊಲವು ಬರಲಿಲ್ಲ. ಅದೇ 1974ರಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯವು ಪೂರ್ಣಗೊಂಡು ಈ ಸೀಮೆಗೆ ನೀರು ಹೆಚ್ಚಿತು. ಹೆಗ್ಗಡದೇವನಕೋಟೆಯ ಹಲವು ಹಳ್ಳಿಗಳು ಅದರಲ್ಲಿ ಮುಳುಗಿದುವು.

ಆದುದರಿಂದ ಪೈರಿನ ಎತ್ತರ, ಬೆಲೆಯ ಏರಿಕೆ ಇಷ್ಟೇ ಅಭಿವೃದ್ಧಿಯಲ್ಲ. ದುಡಿದವನಿಗೆ ಪಾಲು, ಕಳೆದುಕೊಂಡವನಿಗೆ ನೆಲೆ, ಪಡೆದವನಿಗೆ ಹೊಣೆ, ಈ ಮೂರೂ ಕೂಡಿದಲ್ಲಿಯೇ ಅದು ಪೂರ್ಣವು. ಕಟ್ಟುಕೊಡಗೆಯನ್ನು ಬಿಟ್ಟ ಹಿರಿಯರು ಈ ಮಾತನ್ನು ಬಲ್ಲವರಾಗಿದ್ದರು.