ಒಳಗೋ, ಹೊರಗೋ? – ಎಲೆಯಾಟದ ಪೂರ್ವಕಥೆ

ದೀಪಾವಳಿಯೂ ರಾಜ್ಯೋತ್ಸವವೂ ಹೆಚ್ಚುಕಡಿಮೆ ಒಂದರ ಬೆನ್ನಿಗೊಂದು ಬರುತ್ತವೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ನವಿ ಮುಂಬಯಿಯಲ್ಲಿಯೂ ನೆಲಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಹಬ್ಬದೂಟ ಮುಗಿದ ಮೇಲೆ ಚಾಪೆ ಹಾಸಿ ಇಸ್ಪೀಟಿನ ಕಟ್ಟನ್ನು ಬಿಚ್ಚುವುದುಂಟು. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೂ ಇದೆ. ಅಂದು ಶಿವಪಾರ್ವತಿಯರು ಪಗಡೆಯಾಡಿದ ಕಥೆಯನ್ನು ಹೇಳಿ ಹಿರಿಯರೂ ಕಿರಿಯರೊಡನೆ ಆಟಕ್ಕೆ ಕೂಡುವರು. ಆ ಎಲೆಗಳ ಪೂರ್ವಕಥೆಯನ್ನೂ, ಅವುಗಳಲ್ಲಿ ಅಡಗಿರುವ ಲೆಕ್ಕವನ್ನೂ ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಪಗಡೆ, ಕವಡೆಗಳು ನಮ್ಮಲ್ಲಿ ಬಹು ಪುರಾತನ. ಋಗ್ವೇದದಲ್ಲಿಯೇ ಜೂಜುಗಾರನ ಗೋಳು ಇದೆ. ಎಲೆಯಾಟ ಅಷ್ಟು ಹಳೆಯದಲ್ಲ. ೧೫೨೭ರಲ್ಲಿ ಸಿಂಧದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ಬಾಬರನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಹಿಂದೂ ಕಲೆಗಾರರು ಆ ದುಂಡನೆಯ ಎಲೆಗಳ ಮೇಲೆ ದಶಾವತಾರಗಳನ್ನು ಬರೆದರು. ಅವತಾರವೊಂದಕ್ಕೆ ೧೨ರಂತೆ ೧೨೦ ಎಲೆಗಳು. ಕೊಂಕಣದ ಸಾವಂತವಾಡಿಯಂತೆ ನಮ್ಮ ಮೈಸೂರೂ ಈ ಕಲೆಗೆ ಹೆಸರಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂತಹ ಆಟಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಹದಿನೆಂಟು ಬಗೆಯ ಎಲೆಗಳು ಬೇಕು. ಅಷ್ಟನ್ನು ನೆನಪಿನಲ್ಲಿಡಬೇಕಾದರೆ ಬುದ್ಧಿ ಬೇಕು, ಬಿಡುವೂ ಬೇಕು.

ನಾವಿಂದು ಕೈಯಲ್ಲಿ ಹಿಡಿಯುವ ೫೨ ಎಲೆಗಳು ಸಮುದ್ರ ದಾಟಿ ಬಂದವು. ನಮ್ಮ ‘ಕಳಾವರ’ವು ಡಚ್ಚರ ‘ಕ್ಲಾವರ್’ ಎಂಬ ಮಾತನ್ನೂ, ‘ಇಸ್ಪೀಟು’ ಪೋರ್ಚುಗೀಸರ ‘ಎಸ್ಪಾದ’ವನ್ನೂ ಹೋಲುತ್ತವೆ. ಈ ಎಲೆಗಳು ಅಗ್ಗವಾದುವು, ಜೇಬಿನಲ್ಲಿ ಹಿಡಿಯುವಂಥವು. ಆದಕಾರಣ ಅರಮನೆಯ ಆಟ ಅರಳಿಕಟ್ಟೆಗೂ, ಅಲ್ಲಿಂದ ರೈಲುಗಾಡಿಗೂ ಇಳಿಯಿತು. ಬೆಳಗಿನ ಲೋಕಲಿನಲ್ಲಿ ಮೊಣಕಾಲುಗಳ ಮೇಲೆ ಬ್ಯಾಗನ್ನಿಟ್ಟು ರಮ್ಮಿಯಾಡುವ ನೌಕರರನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಬುದ್ಧಿಗೆ ಎಳ್ಳಷ್ಟೂ ಕೆಲಸವಿಲ್ಲದ ಆಟವೊಂದುಂಟು. ಅದನ್ನು ‘ಅಂದರ್-ಬಾಹರ್’ ಎನ್ನುವರು. ನಮ್ಮ ಮಾತಿನಲ್ಲಿ ‘ಒಳಗೆ-ಹೊರಗೆ’. ತಮಿಳರು ‘ಮಂಗಾತ್ತಾ’ ಎನ್ನುವರು. ಎಲೆಗಳನ್ನು ಕಲಸಿ ಒಂದನ್ನು ಎಲ್ಲರಿಗೂ ಕಾಣುವಂತೆ ಇಡುವುದು. ಅದು ಏಳು ಎಂದುಕೊಳ್ಳೋಣ. ಆಡುವವರು ಒಳಗೆ ಇಲ್ಲವೆ ಹೊರಗೆ ಎಂದು ಪಣ ಕಟ್ಟುವರು. ಉಳಿದ ೫೧ ಎಲೆಗಳನ್ನು ಒಂದು ಒಳಗೆ, ಒಂದು ಹೊರಗೆ ಎಂದು ಎರಡು ಸಾಲಿಗೆ ಹಾಕುತ್ತ ಹೋಗುವುದು. ಇನ್ನೊಂದು ಏಳು ಎತ್ತ ಬಿದ್ದಿತೋ ಅತ್ತ ಕಟ್ಟಿದವನಿಗೆ ಗೆಲುವು. ಇದರಲ್ಲಿ ಭೇದಗಳೂ ಉಂಟು: ಕೆಲವೆಡೆ ತೋರಿಸಿದ ಎಲೆ ಕಪ್ಪಾದರೆ ಮೊದಲ ಎಲೆ ಒಳಗೆ, ಕೆಂಪಾದರೆ ಹೊರಗೆ, ಕೆಲವೆಡೆ ಎಷ್ಟನೆಯ ಎಲೆಗೆ ಆಟ ಮುಗಿಯುವುದೆಂದೂ ಬೇರೆ ಪಣ.

ಲೆಕ್ಕ ನಮ್ಮ ವೃತ್ತಿಯಾದ್ದರಿಂದ ಇದನ್ನೂ ಕಾಗದದ ಮೇಲೆ ಹಾಕಿ ನೋಡಿದೆವು. ಎರಡು ಸಾಲೂ ಸಮವಲ್ಲ. ಮೊದಲ ಎಲೆ ಬೀಳುವ ಸಾಲು ಸಾವಿರ ಆಟಗಳಲ್ಲಿ ಸುಮಾರು ೫೧೫ನ್ನೂ, ಇನ್ನೊಂದು ೪೮೫ನ್ನೂ ಗೆಲ್ಲುವುದು. ಆಟ ನಡೆಸುವವನಿಗೆ ಇದು ಗೊತ್ತು. ಆದ್ದರಿಂದಲೇ ಎಷ್ಟೋ ಕಡೆ ಮೊದಲ ಸಾಲು ಗೆದ್ದರೆ ನೂರಕ್ಕೆ ತೊಂಬತ್ತು ಮಾತ್ರ ಕೊಡುವನು, ಎರಡನೆಯದಕ್ಕೆ ಸರಿಸಮ. ಆಗ ನೂರು ರೂಪಾಯಿ ಪಣಕ್ಕೆ ಸರಾಸರಿಯಲ್ಲಿ ಮೊದಲ ಸಾಲಿನವನಿಗೆ ಸುಮಾರು ೨ ರೂಪಾಯಿ ೧೫ ಪೈಸೆ, ಎರಡನೆಯವನಿಗೆ ೩ ರೂಪಾಯಿ ನಷ್ಟ. ಒಳಗೆಂದರೂ ಹೊರಗೆಂದರೂ ಲಾಭ ಅವನದೇ! ಎರಡನೆಯ ಸಾಲಿಗೇ ಅಂಟಿಕೊಂಡು ಒಂದು ಸಂಜೆ ನೂರು ಆಟ ಆಡಿದರೆ ಸರಾಸರಿ ಮುನ್ನೂರು ರೂಪಾಯಿ ಹೋಯಿತು.

ಇದು ಬರಿಯ ಅಂಕಿಗಣಿತವಲ್ಲ. ನಾವು ಹುಡುಗರಾಗಿದ್ದಾಗ ನಮ್ಮ ಸೋದರಮಾವ ಊರಿಗೆ ಹೋಗಲೆಂದು ಕೂಡಿಟ್ಟಿದ್ದ ದುಡ್ಡನ್ನು ಒಂದು ದೀಪಾವಳಿಯ ರಾತ್ರಿ ಈ ಆಟದಲ್ಲಿ ಸೋತರು. ಮೊದಲು ಗೆದ್ದಿದ್ದರಂತೆ, ಅದೇ ಅವರನ್ನು ಎದ್ದು ಬರಗೊಡಲಿಲ್ಲ. “ರಜೆ ಸಿಗಲಿಲ್ಲ” ಎಂದು ಅಜ್ಜಿಗೆ ಕಾಗದ ಬರೆದರು. ಅಜ್ಜಿ ಅದನ್ನು ನಂಬಿದರು. ಮುಂದಿನ ದೀಪಾವಳಿಗೆ ಅವರು ಇರಲಿಲ್ಲ. ಮಾವ ಆಮೇಲೆ ಎಲೆ ಮುಟ್ಟಲಿಲ್ಲ.

ಕಾನೂನೂ ಈ ಆಟವನ್ನು ಬೇರೆಯಾಗಿಯೇ ಎಣಿಸಿದೆ. ೧೮೭೨ರ ಕರಾರು ಕಾಯದೆಯಂತೆ ಪಣದ ಒಪ್ಪಂದ ಅಸಿಂಧು. ಗೆದ್ದವನು ಕೋರ್ಟಿಗೆ ಹೋಗಿ ದುಡ್ಡನ್ನು ವಸೂಲು ಮಾಡಲಾರ. ೧೮೮೭ರ ಮುಂಬಯಿ ಜೂಜು ಪ್ರತಿಬಂಧಕ ಕಾಯದೆ ಕೇವಲ ಕೌಶಲದ ಆಟಗಳನ್ನು ಬಿಟ್ಟಿತು. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ರಾಜ್ಯದಲ್ಲಿ ಹರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಬಹುಮಾನ ಸ್ಪರ್ಧೆಯ ಮೊಕದ್ದಮೆಯಲ್ಲಿ, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಸುಪ್ರೀಂ ಕೋರ್ಟು ೧೯೫೭ರಲ್ಲಿ ತೀರ್ಪಿತ್ತಿತು. ರಮ್ಮಿಯಲ್ಲಿ ಕೌಶಲವಿದೆ, ಅದು ಮೂರೆಲೆಯಾಟದಂತೆ ಬರಿಯ ಅದೃಷ್ಟವಲ್ಲ ಎಂದು ೧೯೬೭ರಲ್ಲಿ ಹೇಳಿತು. ಈಚೆಗೆ ಚಾಪೆಯ ಆಟ ಮೊಬೈಲಿಗೂ ಹೊಕ್ಕಿದೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯದೆಯಾದರೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯದಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಎಣಿಸಲಿಲ್ಲ.

ಹಾಗಾದರೆ ಹಬ್ಬದ ಚಾಪೆಯನ್ನು ಸುತ್ತಿಡಬೇಕೆ? ನಾವು ಹಾಗೆನ್ನೆವು. ಊರು ಬಿಟ್ಟು ಬಂದವರಿಗೆ ಒಟ್ಟಿಗೆ ಕೂಡಲು ಒಂದು ನೆಪ ಬೇಕು. ಎಲೆಯಾಟ ಒಳ್ಳೆಯ ನೆಪವೇ. ನಮ್ಮ ಮನೆಯಲ್ಲಿ ಹುಣಸೆ ಬೀಜಗಳನ್ನು ಪಣವಾಗಿಡುತ್ತೇವೆ. ಮಕ್ಕಳೇ ಎಣಿಸಿ, ನೂರು ಆಟಗಳ ಲೆಕ್ಕವನ್ನು ಕಾಗದದ ಮೇಲೆ ಬರೆಯುವರು. ಸೋತವರ ಬೀಜಗಳು ರಾತ್ರಿ ಮತ್ತೆ ಅದೇ ಡಬ್ಬಿಗೆ ಸೇರುತ್ತವೆ. ಊರಿಗೆ ಹೋಗುವ ಗಾಡಿಯ ದುಡ್ಡು ಬ್ಯಾಂಕಿನಲ್ಲಿಯೇ ಇರುತ್ತದೆ.