ಮಂಡಈಯ ಸೇವಂತಿಗೆ

ಪುಣೆಗೆ ಬಂದ ಮೊದಲ ಚಳಿಗಾಲ ನಾವು ಮಂಡಈಯಲ್ಲಿ ಸೇವಂತಿಗೆಯನ್ನು ಮೊಳದ ಲೆಕ್ಕದಲ್ಲಿ ಕೇಳಿ ನಗೆಗೀಡಾದೆವು. ಇಲ್ಲಿ ಬಿಡಿ ಹೂವಿಗೆ ತಕ್ಕಡಿ. ಹೆಸರು ಮಾತ್ರ ಹೆಚ್ಚುಕಡಿಮೆ ನಮ್ಮದೇ, ಶೇವಂತಿ! ಇರುಳು ಉದ್ದವಾದಾಗ ಮೊಗ್ಗಿಡುವ ಗಿಡವಾದ್ದರಿಂದ ಈ ದಿನಗಳಲ್ಲಿ ಅಗ್ಗ. ಪಾವು ಕಿಲೋ ತಂದರೆ ದೇವರಿಗೂ ಹೊಸ್ತಿಲಿಗೂ ಮೇಜಿನ ಮೇಲಿನ ನೀರಿನ ಬಟ್ಟಲಿಗೂ ಸಾಕು.

1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ತೆರೆದ ಈ ಮಾರುಕಟ್ಟೆ ಈಗ ಮಹಾತ್ಮಾ ಫುಲೆ ಮಂಡಈ. ಜೋತೀಬಾ ಅವರ ಮನೆತನದ ಮೊದಲ ಅಡ್ಡಹೆಸರು ಗೋರ್ಹೆ. ಮೂಲ ಸಾತಾರೆಯ ಕಡೆಯ ಕಟಗುಣ. ಪುಣೆಗೆ ವಲಸೆ ಬಂದು ಪೇಶ್ವೆಯರಿಗೆ ಹೂ ಒದಗಿಸಿದ್ದರಿಂದ 'ಫುಲೆ' ಎನಿಸಿಕೊಂಡರು. ವಿಚಿತ್ರವೆಂದರೆ, ನಗರಸಭೆಯ ಸದಸ್ಯರಾಗಿದ್ದಾಗ ಈ ಕಟ್ಟಡದ ವೆಚ್ಚವನ್ನು ವಿರೋಧಿಸಿದವರೂ ಜೋತೀಬಾ ಅವರೇ. ಆ ಹಣ ಶಿಕ್ಷಣಕ್ಕೆ ಸಲ್ಲಲೆಂದು. ಹೂವಿನ ಅಜ್ಜಿಗೆ ಇದನ್ನು ಹೇಳಿದೆವು. "ಗೊತ್ತಪ್ಪಾ" ಎಂದು ತಕ್ಕಡಿಗೆ ಇನ್ನೆರಡು ಹೂ ಹಾಕಿದಳು.