ಮಾತಾಡದ ಮೇಸ್ತ್ರಿ

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಪ್ರತಿ ಸೋಮವಾರ ಒಂದು ಎಕ್ಸೆಲ್ ಶೀಟು ಬರೋದು. ಒಬ್ಬೊಬ್ಬರ ಹೆಸರಿನ ಮುಂದೆ ಹಸಿರು, ಹಳದಿ ಇಲ್ಲಾ ಕೆಂಪು ಬಣ್ಣ. ಕೆಂಪು ಬಂದ ವಾರ ಕಾಫಿಗೆ ಎದ್ದು ಹೋಗೋಕೂ ಸಂಕೋಚ. ಇದೆಲ್ಲ ಕಂಪ್ಯೂಟರ್ ಕಾಲದ ಪಿಡುಗು ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಈ ಶೀಟಿಗೆ ಇನ್ನೂರು ವರ್ಷ ಹಿಂದಿನ ಒಬ್ಬ ಮುತ್ತಜ್ಜ ಇದ್ದಾನೆ ಅಂತ!

ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯಲ್ಲಿ ನ್ಯೂ ಲ್ಯಾನಾರ್ಕ್ ಅಂತ ಒಂದು ಊರು. ನೀರಿನ ಬಲದಿಂದ ತಿರುಗುವ ಹತ್ತಿ ಗಿರಣಿ ಅಲ್ಲಿ 1786ರಲ್ಲಿ ಶುರುವಾಯಿತು. ಕಟ್ಟಿಸಿದವನು ಡೇವಿಡ್ ಡೇಲ್. ಅನಾಥ, ಬಡ ಮಕ್ಕಳೇ ಅಲ್ಲಿ ನೂರಾರು ಇದ್ದರು. ಬೆಳಿಗ್ಗೆ ಆರರಿಂದ ಸಂಜೆ ಏಳರ ತನಕ ಅವರಿಗೆ ಕೆಲಸ. 1800ರಲ್ಲಿ ಡೇಲ್‌ನ ಅಳಿಯ ರಾಬರ್ಟ್ ಓವೆನ್ ಅದರ ಆಡಳಿತ ವಹಿಸಿಕೊಂಡ.

ಹೊಸ ಯಜಮಾನನನ್ನು ಕೆಲಸಗಾರರು ಮೊದಲು ನಂಬಲಿಲ್ಲ. ನಂಬಿದ್ದು ಯಾವಾಗ ಗೊತ್ತಾ? ಅಮೆರಿಕದ ಹತ್ತಿ ಸಿಗದೆ ಗಿರಣಿ ನಾಲ್ಕು ತಿಂಗಳು ನಿಂತಾಗ. ಬೇರೆಯವರಾಗಿದ್ದರೆ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ಓವೆನ್ ಯಂತ್ರಗಳನ್ನು ಒರೆಸಿಡುವ ಕೆಲಸ ಕೊಟ್ಟು ಪೂರ್ತಿ ಸಂಬಳ ಕೊಟ್ಟ. ಅದಕ್ಕೆ ಖರ್ಚಾದದ್ದು 7,000 ಪೌಂಡಿಗೂ ಹೆಚ್ಚು. ಮುಂದೆ ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸುವುದು ನಿಲ್ಲಿಸಿದ. 1816ರಲ್ಲಿ ಶಾಲೆ ತೆರೆದ. ದುಡಿಮೆಯನ್ನು ಊಟದ ಬಿಡುವು ಬಿಟ್ಟು ದಿನಕ್ಕೆ ಹತ್ತೂಮುಕ್ಕಾಲು ಗಂಟೆಗೆ ಇಳಿಸಿದ. ಇಷ್ಟಾದರೂ ಗಿರಣಿ ಲಾಭದಲ್ಲೇ ನಡೆಯುತ್ತಿತ್ತು.

ಇನ್ನು ನಮ್ಮ ಮುತ್ತಜ್ಜನ ವಿಷಯ. ಬೈಯುವ, ಹೊಡೆಯುವ ಮೇಸ್ತ್ರಿಗಳ ಬದಲು ಓವೆನ್ ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಮರದ ತುಂಡು ತೂಗುಹಾಕಿಸಿದ. ಅದರ ನಾಲ್ಕು ಮುಖಕ್ಕೆ ನಾಲ್ಕು ಬಣ್ಣ. ಹಿಂದಿನ ದಿನದ ಕೆಲಸ, ನಡತೆ ಕೆಟ್ಟದಿದ್ದರೆ ಕಪ್ಪು ಮುಖ ಹೊರಗೆ, ಆಮೇಲೆ ನೀಲಿ, ಹಳದಿ, ಅತ್ಯುತ್ತಮವಾದರೆ ಬಿಳಿ. ಇದಕ್ಕೆ 'ಮೌನ ಮೇಲ್ವಿಚಾರಕ' ಅಂತ ಹೆಸರು. ಓವೆನ್ ನೋಡಿಕೊಂಡು ಹೋಗುತ್ತಿದ್ದ, ಮಾತಾಡುತ್ತಿರಲಿಲ್ಲ. ಆದರೆ ತನಗೆ ಕೊಟ್ಟ ಬಣ್ಣ ಅನ್ಯಾಯ ಅನ್ನಿಸಿದರೆ ಕೆಲಸಗಾರ ನೇರ ಯಜಮಾನನ ಹತ್ತಿರ ದೂರು ಹೇಳಬಹುದಿತ್ತು. ನಮ್ಮ ಎಕ್ಸೆಲ್ ಶೀಟಿಗೆ ಆ ಬಾಗಿಲು ಇರಲಿಲ್ಲ ನೋಡಿ...

ಓವೆನ್ ನನಗೆ ಇಷ್ಟವಾಗುತ್ತಾನೆ. ಆದರೂ ಒಂದು ಮಾತು ಕೊರೆಯುತ್ತದೆ. ಯಜಮಾನ ಒಳ್ಳೆಯವನಾಗಿದ್ದರಿಂದ ಅಲ್ಲಿಯವರು ಬದುಕಿದರು. ಪಕ್ಕದೂರಿನ ಗಿರಣಿಯವರ ಗತಿ? ಅದು ಓವೆನ್‌ಗೂ ಹೊಳೆದಿತ್ತು. ಅದಕ್ಕೇ ಎಲ್ಲ ಗಿರಣಿಗಳಿಗೂ ಕಾನೂನು ಬೇಕೆಂದು ಓಡಾಡಿದ. 1819ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯಿದೆ ಮಾಡಿತು. ಹತ್ತಿ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳು ಬೇಡ, ಹದಿನಾರರ ತನಕ ದಿನಕ್ಕೆ ಹನ್ನೆರಡು ಗಂಟೆ ಮೀರಬಾರದು. ಆದರೆ ಪರೀಕ್ಷಿಸಲು ಸರ್ಕಾರದ ಇನ್‌ಸ್ಪೆಕ್ಟರುಗಳೇ ಇರಲಿಲ್ಲ! ಅವರು ಬಂದದ್ದು 1833ರ ಕಾಯಿದೆಯಲ್ಲಿ. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ 1881ರದು. ಅದು ತಡೆದದ್ದು ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ. ದೊಡ್ಡವರಿಗೆ ವಾರಕ್ಕೆ 48 ಗಂಟೆ ಅನ್ನುವ ಮಿತಿ ಬರಲು 1940ರ ದಶಕದ ತನಕ ಕಾಯಬೇಕಾಯಿತು. 2023ರಲ್ಲಿ ಕರ್ನಾಟಕ ತಿದ್ದುಪಡಿ ತಂದು, ವಾರದ ಆ ಮಿತಿ ಉಳಿಸಿಕೊಂಡೇ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿತು.

ಓವೆನ್ 1820ರ ದಶಕದಲ್ಲಿ ಹೊಸ ಕನಸು ಹುಡುಕಿ ಅಮೆರಿಕಕ್ಕೆ ಹೋದ. ಗಿರಣಿ 1968ರಲ್ಲಿ ಮುಚ್ಚಿತು, 2001ರಲ್ಲಿ ಆ ಊರು ವಿಶ್ವ ಪರಂಪರೆಯ ತಾಣವಾಯಿತು. ಒಳ್ಳೆಯ ಯಜಮಾನ ಒಂದಲ್ಲ ಒಂದು ದಿನ ಹೊರಟುಹೋಗುತ್ತಾನೆ, ಬರೆದಿಟ್ಟ ನಿಯಮ ಉಳಿಯುತ್ತದೆ. ಅದನ್ನೂ ಕಾಯುವವರು ಇದ್ದರೆ ಮಾತ್ರ. ನಾವೋ, ಕೆಲಸಕ್ಕೆ ಸೇರುವಾಗ ಮ್ಯಾನೇಜರ್ ಹೇಗೆ ಅಂತ ವಿಚಾರಿಸುತ್ತೇವೆ, ಕೈಗೆ ಕೊಟ್ಟ ಪತ್ರದಲ್ಲಿ ಏನು ಬರೆದಿದೆ ಅಂತ ಓದುವುದೇ ಇಲ್ಲ. ನಾನೂ ಓದಿರಲಿಲ್ಲ.

ನಿಮ್ಮ ಮುಂದೆ ತೂಗುತ್ತಿರುವ ತುಂಡು ಇವತ್ತು ಯಾವ ಬಣ್ಣ? ಅದು ತಪ್ಪಾಗಿದ್ದರೆ ಹೇಳಿಕೊಳ್ಳಲು ಒಂದು ಬಾಗಿಲು ಇದೆಯಾ?